ದಯವಿಟ್ಟು ಲೈನಿನಲ್ಲೇ ಇರಿ

೨೪ ಜೂನ್ ೧೯೯೨, ಬುಧವಾರ

ಹಾಲು, ಪೇಪರ್, ಡ್ರಮ್ಮಿಗೆ ನೀರು. ಚಿಕ್ಕಪ್ಪ ೮.೧೨ರ ಲೋಕಲ್‌ಗೆ ಓಡಿದರು. ಘಾಟ್ಕೋಪರ್‌ಗೆ ಇವರ ಮನೆಗೆ ಕೆಲಸ ಹುಡುಕಿಕೊಂಡು ನಾನು ಬಂದು ನಾಲ್ಕು ತಿಂಗಳು. ಎಂ.ಎ. ಸರ್ಟಿಫಿಕೇಟಿನ ಜೆರಾಕ್ಸ್ ಮುಗಿಯಿತು. ಮತ್ತೆ ಹತ್ತು ಮಾಡಿಸಬೇಕು.

ಪಂಕಜಾ ಚಿಕ್ಕಮ್ಮ ಇಂಗ್ಲಿಷ್ ಪೇಪರಿನ ಜಾಹೀರಾತೊಂದನ್ನು ಮುಂದೆ ಹಿಡಿದರು. ನಕ್ಷತ್ರಗಳ ಚಿತ್ರ ಇತ್ತು, ಅದಕ್ಕೇ ಕಣ್ಣಿಗೆ ಬಿದ್ದಿದೆ.

“ಏನಂತೆ ಇದು, ವಿಮಲಾ?”

ಓದಿ ಹೇಳಿದೆ. ಫೋನಿನಲ್ಲಿ ಭವಿಷ್ಯ. ಮದುವೆ, ಉದ್ಯೋಗ, ವಿದ್ಯೆ. ಶುಲ್ಕವಿಲ್ಲ.

“ಕೇಳಿ ನೋಡೇ, ನಿನ್ನ ಕೆಲಸದ್ದು.”

ಉದ್ದನೆಯ ನಂಬರ್, ಮೊದಲಿಗೆ ಎರಡು ಸೊನ್ನೆ. ನಾನೇ ಒತ್ತಿದೆ. ಹೆಂಗಸಿನ ದನಿ, ಇಂಗ್ಲಿಷಿನಲ್ಲಿ, ರೆಕಾರ್ಡ್ ಮಾಡಿದ್ದು — ಸ್ವಾಗತ, ದಯವಿಟ್ಟು ಲೈನಿನಲ್ಲೇ ಇರಿ. ಆಮೇಲೆ ಪಿಯಾನೋ. ಮತ್ತೆ ದಯವಿಟ್ಟು. ಬೇಸರವಾಗಿ ಇಟ್ಟುಬಿಟ್ಟೆ.

“ಮಾತಾಡ್ತಾ ಇರೋವಾಗ್ಲೇ ಇಟ್ಟೆಯಲ್ಲ. ಏನಂದ್ಕೊಳ್ಳಲ್ಲ ಅವಳು?” ಎಂದರು ಚಿಕ್ಕಮ್ಮ. ನಂಬರನ್ನು ಚೀಟಿಯಲ್ಲಿ ಬರೆದು ಫೋನಿನ ಕೆಳಗೆ ಸಿಕ್ಕಿಸಿದರು.

೩ ಜುಲೈ, ಶುಕ್ರವಾರ

ಹತ್ತು ಗಂಟೆಗೆ ಸರಿಯಾಗಿ ಮಸ್ಕತ್‌ನಿಂದ ಫೋನ್. ಪಾತ್ರೆ ತೊಳೆಯುವ ರಾಚವ್ವನ ಗಂಡ ಅಣವೀರಪ್ಪ ಅಲ್ಲಿ ಗೌಂಡಿ ಕೆಲಸದಲ್ಲಿದ್ದಾನೆ. ಅವಳಿರುವ ಚಾಳಿನ ಒಂಟಿಕೋಣೆ ಸಾಲುಮನೆಗಳಲ್ಲಿ ಫೋನಿಲ್ಲ, ಅದಕ್ಕೆ ನಮ್ಮ ನಂಬರ್. ಶುಕ್ರವಾರ ಅವನಿಗೆ ರಜೆ.

ಸೆರಗಿಗೆ ಕೈ ಒರೆಸಿಕೊಂಡು ಬರುತ್ತಾಳೆ. ನಿಂತೇ ಮಾತು.

“ಉಂಡ್ರೇನ್ರಿ?… ಇಲ್ಲಿ ಮಳಿ ಜೋರೈತ್ರಿ… ಹೂಂ… ಹೂಂ… ಇಡ್ತೀನ್ರಿ, ರೊಕ್ಕ ಏರತೈತಿ.”

ಮೂರು ನಿಮಿಷವೂ ಆಗಿರಲಿಲ್ಲ. ಇನ್ನಷ್ಟು ಮಾತಾಡಬಹುದಿತ್ತಲ್ಲ ಎಂದೆ.

“ಏನ್ ಮಾತಾಡೂದ್ರಿ ಅಕ್ಕಾರ, ಜೀವ ಗಟ್ಟಿ ಐತಿಲ್ಲ ಅಂತ ದನಿ ಕೇಳಿದ್ರ ಸಾಕು.”

ಈ ಮಾತನ್ನು ಬರೆದಿಟ್ಟುಕೊಳ್ಳಬೇಕು ಅನ್ನಿಸಿತು. ಬರೆದಿದ್ದೇನೆ.

೧೨ ಆಗಸ್ಟ್, ಬುಧವಾರ

ಎರಡು ತಿಂಗಳ ಫೋನ್ ಬಿಲ್. ಹನ್ನೊಂದು ಸಾವಿರ ಚಿಲ್ಲರೆ. ಹೆಚ್ಚುಕಡಿಮೆ ಎಲ್ಲ ಫಾರಿನ್ ಕಾಲ್. ಚಿಕ್ಕಪ್ಪ ಬಿಲ್ಲನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದರು.

“ಈ ಮನೇಲಿ ಫಾರಿನ್ ಯಾರಿಗಿದೆ? ಅವಳ ಗಂಡನಿಗೆ.”

“ಅವನೇ ಅಲ್ವಾ ಚಿಕ್ಕಪ್ಪ ಮಾಡೋದು, ಅಲ್ಲಿಂದ?”

“ನಾವು ನೋಡಿದ್ದು ಅಷ್ಟು. ನೋಡದೇ ಇದ್ದದ್ದು?”

ರಾಚವ್ವನನ್ನು ಕರೆಸಿದರು. “ನಾ ಮುಟ್ಟಿಲ್ರಿ ಸಾಹೇಬ್ರ. ಆ ಗುಂಡಿ ಒತ್ತಾಕ ನನಗ ಬರಂಗಿಲ್ಲ.” ಎರಡು ಸಲ ಹೇಳಿದಳು, ಮೂರನೇ ಸಲ ಹೇಳಲಿಲ್ಲ. ಪೊರಕೆಯನ್ನು ಅದರ ಜಾಗದಲ್ಲಿಟ್ಟು ಹೋದಳು. ಕಿಟಕಿಯಲ್ಲಿ ಅವಳ ಚಹದ ಕಪ್ಪು ಹಾಗೇ ಇದೆ.

ಚಿಕ್ಕಮ್ಮ ಅಡುಗೆಮನೆಯಿಂದ ಹೊರಗೆ ಬರಲೇ ಇಲ್ಲ.

೧೭ ಆಗಸ್ಟ್, ಸೋಮವಾರ

ಯಾರಿಗೂ ಹೇಳದೆ ಟೆಲಿಫೋನ್ ಆಫೀಸಿಗೆ ಹೋದೆ. ಕ್ಯೂನಲ್ಲಿ ಒಂದೂವರೆ ಗಂಟೆ. ಕೌಂಟರಿನ ಹೆಂಗಸು ಕಾಲ್‌ಗಳ ಪಟ್ಟಿ ತೆಗೆದುಕೊಟ್ಟರು. ಮಸ್ಕತ್ ಅಲ್ಲ.

“ಯಾವುದೋ ದ್ವೀಪ,” ಎಂದರು ಹಿಂದಿಯಲ್ಲಿ. “ಜಾಹೀರಾತು ನೋಡಿ ಮಾಡಿದ್ರಾ? ಈ ತಿಂಗಳು ನೀವು ನಾಲ್ಕನೆಯವರು. ಹೆಚ್ಚು ಹೊತ್ತು ಕಾಯಿಸಿದಷ್ಟೂ ಜಾಹೀರಾತು ಕೊಟ್ಟವರಿಗೆ ಬಿಲ್ಲಿನಲ್ಲಿ ಪಾಲು.”

ಒಟ್ಟು ಆರು ಕಾಲ್. ಮೊದಲನೆಯದು ಜೂನ್ ೨೪, ಚಿಕ್ಕದು. ಅದು ನನ್ನದು. ಉಳಿದ ಐದೂ ಮಂಗಳವಾರ, ಮಧ್ಯಾಹ್ನ ಮೂರರ ಸುಮಾರಿಗೆ. ಒಂದೊಂದೂ ಅರ್ಧ ಗಂಟೆ. ರಾಚವ್ವ ಹನ್ನೊಂದಕ್ಕೇ ಕೆಲಸ ಮುಗಿಸಿ ಹೋಗುತ್ತಾಳೆ. ಮಂಗಳವಾರ ಮಧ್ಯಾಹ್ನ ನಾನು ಮಾಟುಂಗಾ ಲೈಬ್ರರಿಯಲ್ಲಿ. ಮನೆಯಲ್ಲಿ ಒಬ್ಬರೇ.

ಹಳೇ ಪೇಪರಿನ ಕಟ್ಟು ಬಿಚ್ಚಿ ಜಾಹೀರಾತು ಹುಡುಕಿದೆ. ಕೆಳಗೆ ಇರುವೆ ಸಾಲಿನಂಥ ಅಕ್ಷರ: ಅಂತಾರಾಷ್ಟ್ರೀಯ ಕರೆ ದರ ಅನ್ವಯ. ಹಳಗನ್ನಡ ಕಾವ್ಯದ ಅಡಿಟಿಪ್ಪಣಿ ಒಂದನ್ನೂ ಬಿಡದೆ ಓದಿದವಳು ನಾನು.

೧೮ ಆಗಸ್ಟ್, ಮಂಗಳವಾರ

ಲೈಬ್ರರಿಗೆ ಹೋಗಲಿಲ್ಲ. ಪಟ್ಟಿಯನ್ನು ಚಿಕ್ಕಮ್ಮನ ಮುಂದಿಟ್ಟೆ. ಹುರುಳಿಕಾಯಿ ಬಿಡಿಸುತ್ತಿದ್ದ ಕೈ ನಿಂತಿತು.

“ಆಯಮ್ಮ ಎಷ್ಟು ಮರ್ಯಾದೆಯಾಗಿ ಪ್ಲೀಸ್ ಅಂತಿದ್ಲು ಕಣೇ. ನಡುವೆ ಹೇಗೆ ಇಡೋದು? ನಿನ್ನ ನಕ್ಷತ್ರ ಹೇಳಿದೆ, ಗೋತ್ರ ಹೇಳಿದೆ. ಮತ್ತೂ ಪ್ಲೀಸ್ ಅಂದ್ಲು. ಫೋನ್ ಭುಜಕ್ಕೆ ಒತ್ತಿಕೊಂಡು ತರಕಾರಿ ಹೆಚ್ಚಿಕೊಳ್ತಾ ಕಾದೆ. ಲೈನ್ ತಾನಾಗೇ ಹೋಗೋದು. ಬಿಡುವಿಲ್ಲವೇನೋ, ಮುಂದಿನ ವಾರ ನೋಡೋಣ ಅಂತಿದ್ದೆ.”

“ಅದು ಟೇಪು, ಚಿಕ್ಕಮ್ಮ.”

ಬಿಲ್ ಬಂದ ದಿನವೇ ಅನುಮಾನ ಬಂದಿತ್ತಂತೆ. “ನಿಮ್ಮ ಚಿಕ್ಕಪ್ಪನಿಗೆ ಹೇಳಬೇಡ. ಬಿಲ್ ಕಟ್ಟೋಕೆ ಎಫ್‌ಡಿ ಮುರಿಸಿದಾರೆ. ರಾಚವ್ವನಿಗೆ ಬೇರೆ ಮನೆ ಸಿಗತ್ತೆ.”

ನಾನು ಪಟ್ಟಿ ಮಡಚಿಕೊಂಡು ಎದ್ದೆ. ಈಗ ಅದು ನಿಘಂಟಿನೊಳಗಿದೆ.

೨೧ ಆಗಸ್ಟ್, ಶುಕ್ರವಾರ

ಹತ್ತಕ್ಕೆ ಮಸ್ಕತ್. ಚಿಕ್ಕಮ್ಮ ಎತ್ತಿದರು. “ಅವಳು ಊರಿಗೆ ಹೋಗಿದಾಳಪ್ಪ.” ಇಟ್ಟ ಮೇಲೂ ಕೈ ಫೋನಿನ ಮೇಲೇ ಇತ್ತು.

೨ ಸೆಪ್ಟೆಂಬರ್, ಬುಧವಾರ

ಹನ್ನೆರಡು ದಿನ ಬರೆಯಲಿಲ್ಲ. ಬರೆದರೆ ನಾನು ಇನ್ನೂ ಬಾಯಿಬಿಟ್ಟಿಲ್ಲ ಎಂದೇ ಬರೆಯಬೇಕಿತ್ತು.

ಮೂರನೇ ಮಹಡಿಯ ಸುಮಿತ್ರಾ ಅವರೂ ರಾಚವ್ವನನ್ನು ಬಿಡಿಸಿದ್ದಾರೆ. ನಾಲ್ಕನೇ ಮಹಡಿಯವರೂ. “ನಮ್ಮಲ್ಲೂ ಫೋನಿದೆಯಲ್ಲ,” ಎಂದು ಸುಮಿತ್ರಾ ಮೆಟ್ಟಿಲ ಮೇಲೆ ಸಿಕ್ಕಾಗ ನಕ್ಕರು.

ಚಿಕ್ಕಪ್ಪ ಸೊಸೈಟಿಯ ಸೆಕ್ರೆಟರಿ. ಸಂಜೆ ಹೇಳಿದರು — “ನೋಟೀಸ್ ಬರಿ. ನಿನ್ನ ಅಕ್ಷರ ಚೆನ್ನಾಗಿದೆ. ಎಲ್ಲರೂ ಎಸ್‌ಟಿಡಿ, ಐಎಸ್‌ಡಿ ಲಾಕ್ ಹಾಕಿಸಲಿ. ಕೆಲಸದವರನ್ನ ಫೋನ್ ಹತ್ತಿರ ಬಿಡಬೇಡಿ ಅಂತ ದಪ್ಪಕ್ಷರದಲ್ಲಿ.”

೩ ಸೆಪ್ಟೆಂಬರ್, ಗುರುವಾರ

ಇಂಗ್ಲಿಷಿನಲ್ಲೂ ಹಿಂದಿಯಲ್ಲೂ ಬರೆದೆ. ಎರಡು ಸೊನ್ನೆಯಿಂದ ಶುರುವಾಗುವ ನಂಬರ್ ಪರದೇಶದ್ದು. ಜಾಹೀರಾತಿನಲ್ಲಿ ಶುಲ್ಕವಿಲ್ಲ ಎಂದಿದ್ದರೂ ಕಾಯುವ ಪ್ರತಿ ನಿಮಿಷಕ್ಕೂ ಬಿಲ್ ಬರುತ್ತದೆ. ರೆಕಾರ್ಡಿನ ದನಿಗೆ ಮರ್ಯಾದೆ ಬೇಕಿಲ್ಲ, ತಕ್ಷಣ ಇಟ್ಟುಬಿಡಿ.

ದಪ್ಪಕ್ಷರದ ಜಾಗದಲ್ಲಿ: ನಮ್ಮ ಮನೆಯಿಂದ ಆ ನಂಬರಿಗೆ ಮೊದಲು ಡಯಲ್ ಮಾಡಿದವಳು ನಾನು. ರಾಚವ್ವ ಅಲ್ಲ. ಅವಳು ಫೋನ್ ಮುಟ್ಟಿಲ್ಲ. — ವಿಮಲಾ, ಫ್ಲ್ಯಾಟ್ ೧೧.

ಸಂಜೆ ನಾನೇ ಬೋರ್ಡಿಗೆ ಪಿನ್ ಹಾಕಿದೆ. ಒಂದು ಪಿನ್ ಬಗ್ಗಿತು. ಚಿಕ್ಕಪ್ಪ ಆಫೀಸಿನಿಂದ ಬರುತ್ತ ಓದಿದ್ದಾರೆ. ಶೂ ಬಿಚ್ಚಲಿಲ್ಲ. “ಇಷ್ಟು ಓದಿದವಳು ನೀನು,” ಎಂದರು. ಅಷ್ಟೇ. ಎಲ್ಲ ಕರೆಗಳೂ ನನ್ನವೇ ಎಂದುಕೊಂಡಿದ್ದಾರೆ. ಚಿಕ್ಕಮ್ಮ ನನ್ನ ಮುಖ ನೋಡಿದರು. ನಾನು ತಿದ್ದಲಿಲ್ಲ.

ಆಮೇಲೆ ಚಾಳಿಗೆ ಹೋದೆ. ರಾಚವ್ವ ಒಳಗೆ ಕರೆಯಲಿಲ್ಲ. ನಿನ್ನ ತಪ್ಪಲ್ಲ ಅಂತ ಗೊತ್ತು, ನಾಳೆ ಹತ್ತಕ್ಕೆ ಫೋನಿಗೆ ಬಾ ಎಂದೆ.

“ಇಡೀ ಬಿಲ್ಡಿಂಗ್ ನನ್ನ ಕಳ್ಳಿ ಅಂದೈತ್ರಿ ಅಕ್ಕಾರ. ನೀವೊಬ್ರು ಬಂದು ನನ್ನ ಕಿವ್ಯಾಗ ಹೇಳಿದ್ರ ಏನಾತು?”

“ಬೋರ್ಡಿಗೆ ಹಾಕಿದೀನಿ. ನನ್ನ ಹೆಸರು ಹಾಕಿಯೇ.”

ಮೂರು ವಾರ ತಡವಾಗಿ ಎಂದು ಹೇಳಲಿಲ್ಲ. ಅವಳಿಗೆ ಗೊತ್ತಿದೆ.

“ನನಗ ಓದಾಕ ಬರಂಗಿಲ್ರಿ,” ಎಂದು ಬಾಗಿಲು ಹಾಕಿಕೊಂಡಳು.

೪ ಸೆಪ್ಟೆಂಬರ್, ಶುಕ್ರವಾರ, ಬೆಳಿಗ್ಗೆ ೯.೫೦

ಕಿಟಕಿಯ ಬಳಿ ಕೂತು ಬರೆಯುತ್ತಿದ್ದೇನೆ. ಚಿಕ್ಕಮ್ಮ ರಾಚವ್ವನ ಕಪ್ಪನ್ನು ತೊಳೆದು ಮತ್ತೆ ಕಿಟಕಿಯಲ್ಲಿಟ್ಟರು.

ಅವಳು ಬರುವ ಮೊದಲೇ ಫೋನ್ ಬಂದರೆ? ತಡೆಯಿರಿ ಎನ್ನಲಾರೆ. ಅವನಿಗೂ ನಿಮಿಷಕ್ಕೆ ದುಡ್ಡು.

೯.೫೬. ಗೇಟಿನಲ್ಲಿ ಹಸಿರು ಕೊಡೆ. ಅವಳೇ. ಒಳಗೆ ಬರುತ್ತಿಲ್ಲ. ಬೋರ್ಡಿನ ಮುಂದೆ ನಿಂತಿದ್ದಾಳೆ. ವಾಚ್‌ಮನ್ ಬೆರಳಿಟ್ಟು ಹಿಂದಿಯದನ್ನು ಓದಿ ಹೇಳುತ್ತಿದ್ದಾನೆ. ಸುಮಿತ್ರಾ ಅವರು ತರಕಾರಿ ಚೀಲ ಹಿಡಿದು ಪಕ್ಕದಲ್ಲೇ ನಿಂತಿದ್ದಾರೆ.

ದಪ್ಪಕ್ಷರದ ಮೇಲೆ ಬೆರಳಿಟ್ಟು ಇನ್ನೊಮ್ಮೆ ಓದಿಸುತ್ತಿದ್ದಾಳೆ. ಜೋರಾಗಿ.

ಕೊಡೆ ಮಡಚಿದಳು. ಮೇಲೆ ನೋಡಿದ—

ಫೋನ್ —