ನರೇಗಲ್ಲಿನಲ್ಲಿದ್ದ ಮೂರನೆಯ ಬಿಲ್ಲೆ

ಗಜೇಂದ್ರಗಡ
ಫೆಬ್ರವರಿ ೩೦, ೨೨೯೪

ನಿ. ಹ. ಅವರಿಗೆ ಗಿರಿಜವ್ವ ಮುಷ್ಟಿಗೇರಿಯ ಶರಣು.

ತಾರೀಖು ನೋಡಿ ನಗಬೇಡಿ. ನಿಮ್ಮ ಕಾಲದ ಫೆಬ್ರವರಿಗೆ ಮೂವತ್ತನೆಯ ದಿನ ಇರಲಿಲ್ಲವಂತೆ; ನಮ್ಮ ಹಿರಿಯರು ಬೇರೆ ತಿಂಗಳುಗಳಿಂದ ಎರಡು ದಿನ ಕಿತ್ತು ಅದಕ್ಕೆ ಕೊಟ್ಟರು. ನನ್ನ ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು, ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನೀವು ಡಿಸ್ಕ್ ಎನ್ನುತ್ತಿದ್ದುದು ನಮಗೆ ಬಿಲ್ಲೆ. ಒಂದು ಬಿಲ್ಲೆಯಲ್ಲಿರುವುದನ್ನೆಲ್ಲ ಇದ್ದದ್ದು ಇದ್ದಂತೆ ಇನ್ನೊಂದಕ್ಕೆ ಇಳಿಸುವುದು ಪಡಿಯಚ್ಚು. ಆ ಕೆಲಸ ಮಾಡುವವಳು ಪ್ರತಿಗಾರ್ತಿ. ನಾನು ಮೂವತ್ತೊಂದು ವರ್ಷದಿಂದ ಈ ಊರಿನ ಪ್ರತಿಗಾರ್ತಿ.

ನಿಮ್ಮನ್ನು ಅಣ್ಣಾ ಎನ್ನಬೇಕೋ ಅಕ್ಕಾ ಎನ್ನಬೇಕೋ ಗೊತ್ತಿಲ್ಲ. ನಾವು ಪಡಿಯಚ್ಚು ತೆಗೆಯುವ ತಂತ್ರಾಂಶದ ಸಹಾಯ ಪುಟದ ಕೊನೆಯಲ್ಲಿ ‘ಕನ್ನಡಕ್ಕೆ: ನಿ. ಹ.’ ಎಂದಷ್ಟೇ ಇದೆ. ಆ ತಂತ್ರಾಂಶ ಯಾರ ಸ್ವತ್ತೂ ಅಲ್ಲ. ಬೇಕಾದವರು ಪುಕ್ಕಟೆ ಒಯ್ಯಬಹುದು, ಬಿಚ್ಚಿ ನೋಡಬಹುದು, ಕೆಟ್ಟರೆ ತಾವೇ ರಿಪೇರಿ ಮಾಡಬಹುದು. ನಿಮ್ಮ ನಂತರದ ಕಾಲದಲ್ಲಿ ಬೀಗ ಹಾಕಿದ ತಂತ್ರಾಂಶಗಳಲ್ಲಿ ಪ್ರತಿ ಇಟ್ಟವರು ಬಹಳ ಜನ. ಮಾರಿದ ಕಂಪನಿಗಳು ಮುಚ್ಚಿದ ಮೇಲೆ ಆ ಪ್ರತಿಗಳನ್ನು ತೆರೆಯುವವರೇ ಇಲ್ಲವಾದರು. ನಿಮ್ಮದು ಕೈಯಿಂದ ಕೈಗೆ ದಾಟಿ, ಹೊಸ ಹೊಸ ಯಂತ್ರಗಳಿಗೆ ಹೊಂದಿಕೊಂಡು ನಮ್ಮ ತನಕ ಬಂತು.

ನೀವು ಅಲ್ಲಿ ಬರೆದ ಒಂದು ಸಾಲಿನಿಂದ ನಮ್ಮಲ್ಲಿ ಒಂದು ಪದ್ಧತಿಯೇ ಹುಟ್ಟಿದೆ: ‘ಒಂದು ಪ್ರತಿ ಬೇರೆ ಊರಿನಲ್ಲಿರಲಿ, ವರ್ಷಕ್ಕೊಮ್ಮೆ ತೆರೆದು ನೋಡಿ.’ ಇದಕ್ಕೆ ನಾವು ‘ಮೂರು ಮನೆ’ ಎನ್ನುತ್ತೇವೆ. ಒಂದು ಬಿಲ್ಲೆ ಸ್ವಂತ ಮನೆಯಲ್ಲಿ, ಒಂದು ಪ್ರತಿಗಾರ್ತಿಯ ಕಪಾಟಿನಲ್ಲಿ, ಮೂರನೆಯದು ಬೇರೂರಿನ ಬೀಗರ ಮನೆಯಲ್ಲಿ. ಮದುವೆಯ ಮಾತುಕತೆಯಲ್ಲಿ ಸೀರೆ ಕುಬಸದ ಜೊತೆಗೆ ಬಿಲ್ಲೆಯ ಮಾತೂ ಮುಗಿಯಬೇಕು. ಯುಗಾದಿಯ ಮರುದಿನ ಬೀಗರ ಬಿಲ್ಲೆಯನ್ನು ಹೊರತೆಗೆದು, ಯಂತ್ರಕ್ಕೆ ಹಚ್ಚಿ, ತೆರೆಯುತ್ತದೋ ಇಲ್ಲವೋ ನೋಡಿ ಇಡಬೇಕು. ನಾನು ಮಾತ್ರ ಇದಕ್ಕೆಲ್ಲ ನಗುತ್ತಿದ್ದೆ. ಪ್ರತಿಗಾರ್ತಿಯ ಮನೆಗೇ ಮೂರನೆಯ ಮನೆ ಯಾಕೆ ಎಂಬ ಜಂಬ ನನ್ನದು.

ನನ್ನ ಮೊಮ್ಮಗಳು ಹೊನ್ನಿಗೆ ಏಳು ವರ್ಷ. ಹುಟ್ಟಿದಾಗಿನಿಂದ ಕಿವಿ ಕೇಳಿಸದು. ಕಿವಿಯೊಳಗಿನ ಯಂತ್ರವೇ ಅವಳಿಗೆ ಕಿವಿ. ಯಾವ ಸದ್ದು ಎಷ್ಟು ಕೇಳಿಸಬೇಕೆಂದು ನಾಲ್ಕು ವರ್ಷ ಅವಳೆದುರು ಕುಳಿತು ಹದ ಮಾಡಿದ ವೈದ್ಯರು ಈಗಿಲ್ಲ. ಅವರು ಮಾಡಿದ ಹದ ಬಿಲ್ಲೆಯಲ್ಲಿದೆ. ಹೋದ ತಿಂಗಳು ಹಳೆಯ ಯಂತ್ರ ಕೆಟ್ಟು ಹೊಸದು ಬಂತು. ಆ ಹದ ತುಂಬದಿದ್ದರೆ ಹೊಸದರಲ್ಲಿ ಮಾತೆಲ್ಲ ತಗಡು ಬಡಿದ ಸದ್ದು. ಹಾಕಿದ ಕೂಡಲೇ ಮಗು ಕಿವಿ ಮುಚ್ಚಿಕೊಂಡು ಕಿರುಚಿತು.

ಮನೆಯ ಬಿಲ್ಲೆ ಹಚ್ಚಿದರೆ ಅದು ಸತ್ತುಹೋಗಿತ್ತು. ಹೋಗಲಿ, ಕಪಾಟಿನಲ್ಲಿ ಎರಡನೆಯದಿದೆಯಲ್ಲ! ಮೊದಲು ಅದರಿಂದ ಒಂದು ಹೊಸ ಬಿಲ್ಲೆಗೆ ಪಡಿಯಚ್ಚು ತೆಗೆಯೋಣವೆಂದು ಕುಳಿತೆ. ತುಂಬಿದ್ದು ಯಾವುದು, ಖಾಲಿ ಯಾವುದು ಎಂದು ಗಟ್ಟಿಯಾಗಿ ಹೇಳಿಯೇ ಕೈ ಹಚ್ಚಬೇಕು. ಕಲಿಯಲು ಬಂದವರಿಗೆ ನಾನೇ ಹೇಳುವ ಮೊದಲ ಪಾಠ ಅದು. ಅವತ್ತು ಹೇಳಲಿಲ್ಲ. ‘ಇದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಖಚಿತವೇ?’ ಎಂದು ತೆರೆಯ ಮೇಲೆ, ನಿಮ್ಮದೇ ಕನ್ನಡದಲ್ಲಿ, ನೀವು ಎರಡು ಸಲ ಕೇಳಿದಿರಿ. ಎರಡು ಸಲವೂ ನೊಣ ಹೊಡೆದಂತೆ ಹೌದು ಒತ್ತಿದೆ. ಖಾಲಿಯನ್ನು ತುಂಬಿದ್ದರ ಮೇಲೆ ಇಳಿಸಿಬಿಟ್ಟಿದ್ದೆ. ಅಯ್ಯೋ ಶಿವನೇ, ಎರಡೂ ಖಾಲಿ! ನಾಲ್ಕು ವರ್ಷದ ಹದ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ಉಳಿದದ್ದು ನರೇಗಲ್ಲಿನ ಶಿವಗಂಗವ್ವ, ಹೊನ್ನಿಯ ತಾಯಿಯ ತಾಯಿ, ನನ್ನ ಬೀಗತಿ. ಮೂರು ವರ್ಷದ ಹಿಂದೆ ಆಕೆಯ ಹೋಳಿಗೆಯಲ್ಲಿ ಹೂರಣ ಕಡಿಮೆ ಎಂದು ನಾಲ್ಕು ಜನರ ಮುಂದೆ ಅಂದಿದ್ದೆ. ಅಂದಿನಿಂದ ನಮಗೆ ಮಾತಿಲ್ಲ. ಬಿಲ್ಲೆಯನ್ನು ಮಗನೇ ಒಯ್ದು ಕೊಟ್ಟುಬರುತ್ತಿದ್ದ. ಆಕೆ ಅದನ್ನು ಜೋಪಾನ ಮಾಡಿದ್ದಾಳೋ, ಮೂಲೆಗೆ ಎಸೆದಿದ್ದಾಳೋ ಯಾರಿಗೆ ಗೊತ್ತು? ಬೆಳಿಗ್ಗೆಯೇ ಗಾಳಿಬಂಡಿ ಹತ್ತಿದೆ. ಗುಡ್ಡದ ಗಾಳಿಗಂಬಗಳ ವಿದ್ಯುತ್ತಿನಿಂದ ಓಡುವ ಬಂಡಿ ಅದು. ಅವತ್ತೇ ಗಾಳಿ ಕಡಿಮೆ, ಎರಡು ಕಡೆ ನಿಂತಿತು. ದಾರಿಯುದ್ದಕ್ಕೂ ಹರಕೆ ಹೊರುತ್ತಲೇ ಹೋದೆ.

ಹೊನ್ನಿಯ ಬಿಲ್ಲೆ ಬೇಕೆಂದೆ. ಶಿವಗಂಗವ್ವ ನನ್ನ ಮುಖ ನೋಡಿ ಒಳಗೆ ಹೋದಳು. ಬೀಜದ ಜೋಳದ ಗಡಿಗೆಯಲ್ಲಿ, ಬೂದಿ ಬೇವಿನೆಲೆಯ ನಡುವೆ, ಬಟ್ಟೆಯಲ್ಲಿ ಸುತ್ತಿಟ್ಟ ಬಿಲ್ಲೆ ತಂದಳು. “ತೆರೀತದೇನ್ರೀ?” ಎಂದೆ. “ಯಾಕ್ರೀ ಬೀಗತ್ಯಾರ, ಮಾರಿ ಇಷ್ಟ ಆಗೇತಿ? ವರ್ಷಾ ತೆರದು ನೋಡೀನಿ. ನಾ ಏನು ನಿಮ್ಮಂಗ ದೊಡ್ಡ ಪ್ರತಿಗಾರ್ತಿ ಅಲ್ಲ, ಅದಕ್ಕ ಸಹಾಯ ಪುಟದಾಗ ಬರದಂಗ ಮಾಡ್ತೀನಿ,” ಎಂದಳು. ಚುಚ್ಚಿದರೂ ಅಮೃತದಂತಿತ್ತು ಆ ಮಾತು. ಬಿಲ್ಲೆ ತೆರೆಯಿತು. ನಾಲ್ಕು ವರ್ಷದ ಹದ ಪೂರ್ತಿ ಇತ್ತು. ಅಲ್ಲಿಯೇ, ಆಕೆಯ ಎದುರಿಗೇ, “ತುಂಬಿದ್ದು ಇದು, ಖಾಲಿ ಇದು” ಎಂದು ಕೂಗಿ ಹೇಳಿ ಎರಡು ಪಡಿಯಚ್ಚು ತೆಗೆದೆ. ಆಮೇಲೆ ಆಕೆ ಹೋಳಿಗೆ ಬಡಿಸಿದಳು. ಎರಡು ತಿಂದೆ, ಹೂರಣದ ಬಗ್ಗೆ ತುಟಿ ಪಿಟಕ್ಕೆನ್ನಲಿಲ್ಲ.

ಮನೆಗೆ ಬಂದು ಯಂತ್ರಕ್ಕೆ ಹದ ತುಂಬಿ ಹೊನ್ನಿಯ ಕಿವಿಗೆ ಹಾಕಿದೆವು. ಒಂಬತ್ತು ದಿನ ಆ ಮಗು ಒಂದು ಮಾತು ಕೇಳಿರಲಿಲ್ಲ. ನನಗೆ ತಡೆಯಲಾಗಲಿಲ್ಲ, ಹೋ ಎಂದು ಅತ್ತುಬಿಟ್ಟೆ. “ಅಜ್ಜೀ, ಎಷ್ಟ ಜೋರ ಅಳ್ತೀ! ಕಿವಿ ಒಡೀತಾವ!” ಎಂದು ಬೈದಳು. ಇಷ್ಟು ಚಂದದ ಬೈಗುಳ ನನ್ನ ಜನ್ಮದಲ್ಲಿ ಕೇಳಿಲ್ಲ.

ನಿ. ಹ. ಅವರೇ, ಈ ಕಾಗದ ನಿಮ್ಮನ್ನು ಹೇಗೆ ಮುಟ್ಟುತ್ತದೋ ನಾನರಿಯೆ. ಆ ಕನ್ನಡದ ಕೆಲಸಕ್ಕೆ ಕುಳಿತಾಗ, ಇದನ್ನು ಯಾರು ಓದುತ್ತಾರೆಂದು ಬೇಸರವಾಗಿ ಸಾಲು ಬಿಟ್ಟು ಏಳಬೇಕೆನ್ನಿಸಿದರೆ, ದಯವಿಟ್ಟು ಏಳಬೇಡಿ. ‘ಬೇರೆ ಊರಿನಲ್ಲಿರಲಿ’ ಎಂಬುದನ್ನು ಬರೆದು ಮುಗಿಸಿ. ಹೊನ್ನಿ ಪಕ್ಕದಲ್ಲೇ ಕುಳಿತಿದ್ದಾಳೆ. ಬರೆದದ್ದನ್ನೆಲ್ಲ ಓದಿ ಹೇಳೆಂದು ಹಟ ಹಿಡಿದಿದ್ದಾಳೆ. ಮೆಲ್ಲಗೆ ಓದುತ್ತೇನೆ. ಅವಳಿಗೆ ಕೇಳಿಸುತ್ತದೆ.