ಹಳ್ಳದ ದಂಡೆಯ ಇಪ್ಪತ್ತು ಗುಂಟೆ

ತಾ. 21-11-2024, ಗುರುವಾರ

ಬಾಳೇಶ ಅವರಿಗೆ,

ರಾಜೇಶ್ವರಿಯ ನಮಸ್ಕಾರ. ಇತ್ತ ನಾನು ಆರಾಮ. ಅತ್ತ ನೀವೂ ಆರಾಮ ಇದ್ದೀರೆಂದು ಬಾಳಾಸಾಬ ಹೇಳಿದ್ದಾನೆ, ಆದ್ದರಿಂದ ಕೇಳುವುದಿಲ್ಲ. ಹನ್ನೊಂದು ವರ್ಷದ ಮೇಲೆ ನನ್ನ ಅಕ್ಷರ ಕಂಡು ಎದೆ ಹಾರಿಸಿಕೊಳ್ಳಬೇಡಿ. ಇದು ಕೋರ್ಟಿನ ನೋಟೀಸಲ್ಲ, ತಿರುಗಿ ಬನ್ನಿ ಎಂಬ ಕರೆಯೂ ಅಲ್ಲ. ಒಂದು ಜಾಗ ಕೇಳುವುದಿದೆ. ನಮ್ಮ ಕೂಸನ್ನು ಹಳ್ಳದ ದಂಡೆಯಲ್ಲಿ ಎಲ್ಲಿ ಮಣ್ಣು ಮಾಡಿದಿರಿ ಎಂಬುದನ್ನು ತಿಳಿಸಬೇಕು. ಸೋಮವಾರ ಮುಂಜಾನೆ ಅಲ್ಲಿಗೆ ಜೆಸಿಬಿ ಬರುತ್ತದೆ.

ಫೋನ್ ಮಾಡಬಹುದಿತ್ತು. ಆದರೆ ನಮ್ಮಿಬ್ಬರಿಗೆ ಮಾತಾಡಿ ರೂಢಿಯಿಲ್ಲ, ಜಗಳಾಡಿ ರೂಢಿ. ಅಂಚೆಗೆ ಹಾಕಿದರೆ ಸೋಮವಾರ ದಾಟುತ್ತದೆ. ಬಾಳಾಸಾಬ ನಾಳೆ ಕುರಿ ವ್ಯಾಪಾರಕ್ಕೆ ಇಚಲಕರಂಜಿಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಕಳಿಸುತ್ತೇನೆ. ನಿಮ್ಮ ಈಗಿನ ಮನೆಯವರು ನೋಡಿದರೂ ಅಡ್ಡಿಯಿಲ್ಲ. ಅವರಿಗೆ ಮರಾಠಿ ಅಷ್ಟೇ ಓದಲು ಬರುತ್ತದಂತೆ; ಓದಿ ಹೇಳುವ ತ್ರಾಸು ನಿಮ್ಮದು.

ಮೊದಲಿನಿಂದ ಹೇಳುತ್ತೇನೆ. ನಾನೀಗ ಪಂಚಾಯಿತಿ ಸದಸ್ಯೆ. ನಗಬೇಡಿ. ನಮ್ಮ ವಾರ್ಡಿಗೆ ಮಹಿಳಾ ಮೀಸಲು ಬಂತು, ಓಣಿಯ ಹೆಂಗಸರು ಹಿಡಿದು ನಿಲ್ಲಿಸಿದರು, ಆರಿಸಿ ಬಂದೆ. ಒಟ್ಟು ಆರು ಜನ ಸದಸ್ಯೆಯರಿದ್ದೇವೆ. ಉಳಿದ ಐವರ ಬದಲು ಅವರ ಗಂಡಂದಿರು ಮೀಟಿಂಗಿಗೆ ಬಂದು ಕುರ್ಚಿ ಹಿಡಿಯುತ್ತಾರೆ. ನನಗೆ ಆ ಅನುಕೂಲ ಇಲ್ಲದ್ದರಿಂದ ನಾನೇ ಹೋಗುತ್ತೇನೆ.

ಶಾಲೆಯ ಬಯಲಿನಲ್ಲಿ ನೀರಿನ ಟಾಕಿ ಕಟ್ಟಿದ ಮೇಲೆ ಹುಡುಗರಿಗೆ ಆಡಲು ಉಳಿದದ್ದು ಡಾಂಬರು ರಸ್ತೆಯೊಂದೇ. ಹೋದ ಹಂಗಾಮಿನಲ್ಲಿ ಕಬ್ಬಿನ ಟ್ರ್ಯಾಕ್ಟರು ದಾಟಿತೆಂದು ತಿಳಿದು ನಮ್ಮ ಓಣಿಯ ಸುಂದರಾಳ ಮೊಮ್ಮಗಳು ಮಯೂರಿ ಚೆಂಡಿಗೆ ಓಡಿದಳು. ಹಿಂದೆ ಎರಡನೆಯ ಟ್ರೇಲರ್ ಇತ್ತು. ಪಾದದ ಮೇಲೆ ಹಾಯಿತು. ಎಂಟು ವರ್ಷದ ಹುಡುಗಿ, ಈಗ ಕುಂಟುತ್ತ ಶಾಲೆಗೆ ಹೋಗುತ್ತಾಳೆ. ಅವತ್ತು ಬಂದ ಸಿಟ್ಟು ನನಗಿನ್ನೂ ಇಳಿದಿಲ್ಲ. ಪ್ರತಿ ಮೀಟಿಂಗಿನಲ್ಲೂ ಎದ್ದು ನಿಂತು, ಹುಡುಗರಿಗೆ ಮೈದಾನ ಮಾಡಿ ಕೊಡಿ ಎಂದು ಎಲ್ಲರ ತಲೆ ತಿಂದೆ. ಕೊನೆಗೆ ಕೆಲಸ ಮಂಜೂರಾಯಿತು. ಜಾಗ ಮಾತ್ರ ಇರಲಿಲ್ಲ.

ಜಮೀನಿನ ಉತಾರ ಹಿಡಿದುಕೊಂಡು ನಾನು, ಪಿಡಿಒ ಪೂನಮ ಮೇಡಂ ಊರೆಲ್ಲ ಸುತ್ತಿದೆವು. ಮೇಡಂ ಅಥಣಿ ಕಡೆಯವರು, ನಮ್ಮೂರಿಗೆ ಬಂದು ನಾಲ್ಕು ತಿಂಗಳಾಗಿದೆ. ಕಾಗದದಲ್ಲಿ ಖಾಲಿ ಇದ್ದ ಪಂಚಾಯಿತಿ ಜಾಗದಲ್ಲಿ ನಿಮ್ಮ ಗೆಳೆಯ ರಾಜಾರಾಮನ ಬಣವೆ, ತಿಪ್ಪೆ. ಅವನೇ ಈಗ ಅಧ್ಯಕ್ಷ. ದನ ಮೇಯುವ ಗಾಯರಾಣದಲ್ಲಿ ಕಬ್ಬು ಎದೆಮಟ್ಟ ಬೆಳೆದಿದೆ. ಯಾರದೆಂದು ಕೇಳಿದರೆ ಊರಲ್ಲಿ ಒಬ್ಬರಿಗೂ ಗೊತ್ತಿಲ್ಲ, ಪಾಪ, ಅದು ತಾನೇ ಹುಟ್ಟಿ ತಾನೇ ನೀರು ಹಾಯಿಸಿಕೊಂಡಿರಬೇಕು! ಕುರಿದೊಡ್ಡಿಯ ಜಾಗ ಕೇಳಿದರೆ ಬಾಳಾಸಾಬ, "ಹಂಗಾರ ಕುರಿ ನಿಮ್ಮ ಅಂಗಳಕ್ಕ ಹೊಡ್ಕೊಂಡ ಬರ್ಲೇನ್ರಿ ಅಕ್ಕಾರ?" ಎಂದ. ಕೊನೆಗೆ ಹಳ್ಳದ ದಂಡೆಯ ಇಪ್ಪತ್ತು ಗುಂಟೆ ಕಣ್ಣಿಗೆ ಬಿತ್ತು. ಜಾಲಿಗಂಟಿ, ಹುಲ್ಲು, ಅಲ್ಲಲ್ಲಿ ಕಲ್ಲು. ಒಂದು ಬಣವೆಯಿಲ್ಲ, ಒಂದು ಗೂಟವಿಲ್ಲ, ಯಾರೂ ಒಂದು ಕುಳ್ಳು ಸಹ ಒಣಹಾಕಿಲ್ಲ. ನಾನೂ ಮೇಡಂ ಕೈ ಕೈ ಹಿಡಿದು ಕುಣಿಯುವುದೊಂದು ಬಾಕಿ.

ಮೀಟಿಂಗಿನಲ್ಲಿ ಆ ಜಾಗವನ್ನು ಸೂಚಿಸಿದವಳು ನಾನೇ. ಪೂನಮ ಮೇಡಂ ತಮ್ಮ ಪಾಡಿಗೆ ತಾವು, "ಇಷ್ಟ ಛಲೋ ಜಾಗಾ ಐತಿ, ಇಷ್ಟ ವರ್ಷ ಯಾರೂ ಯಾಕ ಹಿಡದಿಲ್ರಿ?" ಎಂದು ಕೇಳಿದರು. ಒಬ್ಬ ಕೆಮ್ಮಿದ. ರಾಜಾರಾಮ ಫ್ಯಾನು ನೋಡುತ್ತ ಕೂತ. ಎದುರಾಡುವವರಿಲ್ಲ, ಗೆದ್ದೆ ಎಂದುಕೊಂಡೆ. ಠರಾವು ಪಾಸಾಯಿತು. ಸೂಚಕರು ಎಂಬಲ್ಲಿ ದಪ್ಪ ಅಕ್ಷರದಲ್ಲಿ ಸಹಿ ಹಾಕಿದೆ. ಆ ಕೋಣೆಯಲ್ಲಿದ್ದ ಗಂಡಸರಿಗೆಲ್ಲ ವಿಷಯ ಗೊತ್ತಿತ್ತು. ಗೊತ್ತಿಲ್ಲದವರು ಇಬ್ಬರೇ ಹೆಂಗಸರು, ಮೇಡಂ ಮತ್ತು ನಾನು.

ಆ ಸಂಜೆ ಖುಷಿಯಿಂದ ರಾಮವ್ವನಿಗೆ ಹೇಳಲು ಹೋದೆ. ನಿಮ್ಮ ಕಡೆಯವರಲ್ಲಿ ನನ್ನ ಜೊತೆ ಮಾತು ಬಿಡದವಳು ನಿಮ್ಮ ಆ ಸೋದರತ್ತೆ ಒಬ್ಬಳೇ. ರೊಟ್ಟಿ ಬಡಿಯುತ್ತಿದ್ದ ಕೈ ನಿಲ್ಲಿಸಿದಳು. "ಅಯ್ಯ ನನ ಮಗಳ, ಅದು ಕೂಸಗೋಳ ಜಾಗಾ ಅಲ್ಲೇನ? ಹಲ್ಲ ಬರೂಕಿಂತ ಮೊದಲ ಹೋದವನ್ನೆಲ್ಲಾ ಅಲ್ಲೇ ಒಯ್ತಾರ. ನಿಂದೂ ಅಲ್ಲೇ ಐತಿ" ಎಂದಳು. ಆಕೆಯವೂ ಎರಡು ಅಲ್ಲಿವೆಯಂತೆ. ಅದೂ ಆಕೆಗೆ ತಿಳಿದದ್ದು ಗಂಡ ಸಾಯುವ ಮುಂದೆ ಬಾಯಿ ಬಿಟ್ಟಿದ್ದಕ್ಕೆ.

ಪದ್ಧತಿ ನಿಮಗೆ ಗೊತ್ತಿದ್ದದ್ದೇ. ಹೆಂಗಸರು ಮಣ್ಣಿಗೆ ಹೋಗಬಾರದು, ಹಡೆದವಳಿಗಂತೂ ಜಾಗವನ್ನೇ ಹೇಳಬಾರದು. ಹೇಳಿದರೆ ಹೋಗಿ ಹೋಗಿ ಅಳುತ್ತಾಳೆ, ಮತ್ತೆ ಬಸಿರು ನಿಲ್ಲುವುದಿಲ್ಲ ಎನ್ನುತ್ತಾರೆ. ಹೇಳದಿದ್ದರೂ ನನಗೇನೂ ನಿಲ್ಲಲಿಲ್ಲ. ಮೂರು ವರ್ಷ ನಿಮ್ಮನ್ನು ಕೇಳಿದೆ. ಊಟಕ್ಕೆ ಕೂತಾಗ ಕೇಳಿದೆ, ಬಸ್ಸಿನಲ್ಲಿ ಕೇಳಿದೆ, ಜ್ವರ ಬಂದು ಮಲಗಿದ್ದಾಗಲೂ ಬಿಡಲಿಲ್ಲ. ಕೇಳಿದಾಗಲೆಲ್ಲ ನೀವು ತಾಟು ಬಿಟ್ಟು ಎದ್ದಿರಿ, ಕೊನೆಗೊಂದು ದಿನ ಊರು ಬಿಟ್ಟೇ ಎದ್ದಿರಿ. ಜನ ಅತ್ತೆ ಸೊಸೆ ಜಗಳ ಎಂದುಕೊಂಡರು. ಅನ್ನಲಿ ಎಂದು ನಾನೂ ಸುಮ್ಮನಾದೆ.

ಮರುದಿನ ರಾಜಾರಾಮನ ಮನೆಗೆ ಹೋಗಿ, ಮೀಟಿಂಗಿನಲ್ಲಿ ನಿನ್ನ ಬಾಯಿಗೆ ಏನಾಗಿತ್ತಪ್ಪ ಎಂದು ಕೇಳಿದೆ. "ನೀವ ಎದ್ದ ನಿಂತ ಹೇಳಾಕತ್ತಿದ್ರಿ ವೈನಿ. ನಿಮ್ಮ ಮಾರಿ ನೋಡ್ಕೋತ ಹೆಂಗ ಹೇಳೂದ್ರಿ?" ಎಂದ. ಹಾಗಾದರೆ ಈಗಲಾದರೂ ಜಾಗ ತೋರಿಸು ಎಂದೆ. "ನನಗ ಗೊತ್ತಿಲ್ರಿ, ದೇವರಾಣಿ. ನಾ ಗುದ್ದಲಿ ಕೊಟ್ಟ ಮ್ಯಾಲೇ ನಿಂತೆ. ಬಾಳೇಶ ಯಾರನ್ನೂ ಹತ್ತರ ಬರಗೊಡಲಿಲ್ಲ. ಒಬ್ಬಾಂವ ಇಳದ ಹೋದ, ಭಾಳ ಹೊತ್ತ ಕುಂತಿದ್ದ" ಎಂದ. ನೀವು ಮಾರನೆಯ ದಿನವೇ ಮಗ್ಗಕ್ಕೆ ಹೋದಿರೆಂಬುದಷ್ಟೇ ನನಗೆ ಗೊತ್ತಿತ್ತು. ಅಲ್ಲಿ ಕೂತಿದ್ದಿರೆಂಬುದು ಹದಿನಾಲ್ಕು ವರ್ಷದ ಮೇಲೆ ತಿಳಿಯಿತು. ಸುಳ್ಳು ಹೇಳುವುದಿಲ್ಲ, ನಿಮ್ಮ ಬಗ್ಗೆ ಕನಿಕರವಾಯಿತು. ಹೇಳಿದ್ದರೆ ಇಬ್ಬರೂ ಕೂಡಿ ಅಳಬಹುದಿತ್ತಲ್ಲ ಎಂದು ಅದರ ಹಿಂದೆಯೇ ಸಿಟ್ಟೂ ಬಂತು.

ಠರಾವು ಹಿಂದಕ್ಕೆ ತೆಗೆಸುವುದು ನನ್ನ ಕೈಯಲ್ಲಿತ್ತು. ತೆಗೆಸಿದರೆ ಹುಡುಗರು ಮತ್ತೆ ರಸ್ತೆಗೆ. ಸಕ್ಕರೆ ಕಾರಖಾನೆ ಸುರುವಾಗಿದೆ, ದಿನಕ್ಕೆ ನಾಲ್ವತ್ತು ಟ್ರ್ಯಾಕ್ಟರು ಹಾಯುತ್ತಿವೆ. ಎರಡು ದಿನ ನನಗೆ ಊಟ ಸೇರಲಿಲ್ಲ. ಕೊನೆಗೆ ರಾಮವ್ವನನ್ನೇ ಕೇಳಿದೆ. "ಆಡ್ಲಿ ಬಿಡ. ಇಷ್ಟ ವರ್ಷ ಅವುಕ್ಕ ಜೋಡಿಗೆ ಯಾರಿದ್ದರು?" ಎಂದಳು.

ಪೂನಮ ಮೇಡಂಗೆ ಎಲ್ಲ ಹೇಳಿದೆ. ಅವರು ಇಂಜಿನಿಯರಿಗೆ ಹೇಳಿ ಅಗೆಯುವ ಕೆಲಸ ಕೈಬಿಡಿಸಿದರು. ಜೆಸಿಬಿ ಹಳ್ಳದ ಆಚೆಯಿಂದ ಮಣ್ಣು ತಂದು ಮೇಲೆ ಹರಡುತ್ತದೆ ಅಷ್ಟೇ, ಜಾಲಿಯನ್ನು ಆಳುಗಳು ಕೈಯಿಂದ ಕಡಿಯುತ್ತಾರೆ. ಆದರೆ ಜೋಕಾಲಿ, ಜಾರುಬಂಡಿಯ ಕಂಬಗಳಿಗೆ ಮೂರು ಮೂರು ಅಡಿ ತಗ್ಗು ತೋಡಲೇಬೇಕು. ಎಲ್ಲಿ ತೋಡಬಾರದು ಎಂದು ಗುರುತು ಹಾಕಿ ಕೊಡಿ ಎಂದಿದ್ದಾರೆ. ರಾಜಾರಾಮ ಮನೆ ಮನೆಗೆ ಹೋಗಿ ಗಂಡಸರನ್ನು ಕರೆತಂದ. ಒಬ್ಬೊಬ್ಬರೇ ಹೋಗಿ, ನಿಂತು, ತೋರಿಸಿ ಮನೆಗೆ ಹೋದರು. ಸತ್ತ ಅಪ್ಪಂದಿರ ಪರವಾಗಿ ಅವರ ತಮ್ಮಂದಿರು ಬಂದಿದ್ದರು. ಒಂಬತ್ತು ಕಡೆ ಸುಣ್ಣ ಹಾಕಿದ್ದಾರೆ. ನಮ್ಮದೊಂದು ಉಳಿದಿದೆ.

ನೀವೇ ಬಂದರೆ ಒಳ್ಳೆಯದು. ಮುಖ ತೋರಿಸಲು ಸಂಕೋಚವಿದ್ದರೆ ನಾನು ಹಳ್ಳದ ಕಡೆ ಸುಳಿಯುವುದಿಲ್ಲ, ಪಂಚಾಯಿತಿಯಲ್ಲೇ ಕೂತಿರುತ್ತೇನೆ. ಬರಲಾಗದಿದ್ದರೆ ಈ ಕಾಗದದ ಬೆನ್ನಿಗೇ ನಕ್ಷೆ ತೆಗೆದು ಬಾಳಾಸಾಬನಿಗೆ ಕೊಡಿ. ಶನಿವಾರ ಸಂಜೆ ಅವನು ತಿರುಗಿ ಬರುತ್ತಾನೆ. ಅಲ್ಲಿಯ ದೊಡ್ಡ ಬಂಡೆಯಿಂದ ಯಾವ ದಿಕ್ಕಿಗೆ, ಎಷ್ಟು ಹೆಜ್ಜೆ, ಅಷ್ಟು ಬರೆದರೆ ಸಾಕು. ನಿಮ್ಮ ಹೆಜ್ಜೆ ಎಷ್ಟು ಉದ್ದ ಎಂದು ನನಗೆ ನೆನಪಿದೆ. ಸುಣ್ಣ ನಾನೇ ಹಾಕುತ್ತೇನೆ.

ಇಂತಿ,
ರಾಜೇಶ್ವರಿ
ಸದಸ್ಯರು, ವಾರ್ಡ್ ನಂ. 3

ತಾ.ಕ.: ಕಾಗದ ಕೊಡಲು ಬಾಳಾಸಾಬನ ಬಾಗಿಲತನಕ ಹೋಗಿ ತಿರುಗಿ ಬಂದೆ. ಇನ್ನೊಂದು ಕೇಳುವುದಿತ್ತು. ಹೆರಿಗೆಯ ಆಪರೇಶನ್ ಆಗಿ ನನಗೆ ಎಚ್ಚರ ಬರುವಷ್ಟರಲ್ಲಿ ನೀವು ಮಣ್ಣು ಮಾಡಿ ಬಂದಾಗಿತ್ತು. ಮನೆಗೆ ಬಂದ ಮೇಲೆ ನಿಮ್ಮ ಅವ್ವ, "ಹೋದದ್ದ ಹೋತು, ಇನ್ನ ಅದರ ಸುದ್ದಿ ಎತ್ತಬ್ಯಾಡ" ಎಂದು ದವಾಖಾನೆಯ ಕಾಗದಗಳನ್ನು ಒಲೆಗೆ ಹಾಕಿದರು. ಜಾಗ ಎಲ್ಲಿ ಎಂದು ನಿಮ್ಮನ್ನು ಕೇಳುತ್ತಲೇ ಇದ್ದೆ. ಇದನ್ನು ಕೇಳಲು ಮಾತ್ರ ಅವತ್ತಿನಿಂದ ಇವತ್ತಿನವರೆಗೆ ನಾಚಿಕೆ, ಹಡೆದವಳಿಗೇ ಗೊತ್ತಿಲ್ಲವೇ ಎಂದುಬಿಟ್ಟರೆ ಎಂದು. ನಕ್ಷೆಯ ಕೆಳಗೆ ಒಂದೇ ಒಂದು ಶಬ್ದ ಬರೆಯಿರಿ. ಗಂಡೋ, ಹೆಣ್ಣೋ?