ಬಿಳಿ ಕೋಟು ಕಂಡರೆ ಏರುವ ಪಾದರಸ

೯ ಜನವರಿ ೧೯೭೮
ಬೆಳಗ್ಗೆ ರಾಗಿ ಗಂಜಿ. ಆಮೇಲೆ ಹೊಳಲ್ಕೆರೆಯ ಕಣ್ಣಿನ ಕ್ಯಾಂಪು. ಪೊರೆ ತೆಗೆಯಲಿಲ್ಲ, ವಾಪಸ್ಸು ಕಳಿಸಿದರು. ಬಿ.ಪಿ. ನೂರ ತೊಂಬತ್ತಂತೆ. ಬಿ.ಪಿ. ಅಂದರೆ ಬೀಗರ ಪೀಡೆಯಾ ಎಂದೆ. ಡಾಕ್ಟರು ನಗಲಿಲ್ಲ. "ಟೇಬಲ್ ಮೇಲೆ ಹಾರ್ಟಿಗೆ ಏನಾದ್ರೂ ಆದ್ರೆ?"
ಬಲಗಣ್ಣು ಪೂರ್ತಿ ಹೋಗಿದೆ. ಎಡಗಣ್ಣಿಗೆ ಅಕ್ಷರ ಕುಂಬಳಕಾಯಿ ಗಾತ್ರ ಬರೆದರೂ ಮಸುಕು. ಆಪರೇಷನ್ ಇಲ್ಲದಿದ್ದರೆ...

೧೨ ಜನವರಿ
ಮೂರು ದಿನ ಉಪ್ಪಿಲ್ಲದ ಸಾರು. ಮತ್ತೆ ಹೋದೆ. ಮತ್ತೆ ಅಷ್ಟೇ. ಚಿತ್ರದುರ್ಗದ ಕೋಟೆ ಹತ್ತಿದವನು ಡಾಕ್ಟರ ಬಿಳಿ ಕೋಟಿಗೆ ಹೆದರಿದೆ. ನನ್ನಾಕೆ ಓಬವ್ವ ಬಾಯಿ ಹಾಕಿದಳು.
"ಬೆದರಿದ ಕುರೀನ ನಾವು ಉಣ್ಣೆ ಕತ್ತರ್ಸಕ್ಕೆ ಹಿಡಿಯಲ್ಲ ಡಾಕ್ಟ್ರೇ. ಉಸ್ರು ಇಳೀಲಿ ಅಂತ ಬಿಡ್ತೀವಿ."
ನನ್ನನ್ನು ಕುರಿ ಮಾಡಿದಳು. ಆದರೆ ಡಾಕ್ಟರು ಪೆನ್ನು ಕೆಳಗಿಟ್ಟರು. ಕಾಂಪೌಂಡರ್ ಚಿತ್ರಲಿಂಗಪ್ಪ ನಮ್ಮೂರು ಬಿ.ದುರ್ಗದವನೇ. ಐದು ದಿನ ಮನೆಗೇ ಬಂದು ನೋಡಬೇಕಂತೆ, ಕೋಟಿಲ್ಲದೆ.

೧೩ ಜನವರಿ
ಚಿತ್ರಲಿಂಗಪ್ಪ ಲುಂಗಿಯಲ್ಲಿ ಬಂದ. ಚಾ ಕುಡಿದ. ತೋಳಿಗೆ ಪಟ್ಟಿ ಸುತ್ತಿದ. ನೂರ ಮೂವತ್ತು.
"ಮಿಷನ್ ಕೆಟ್ಟೈತಾ?" ಎಂದು ತನ್ನ ತೋಳಿಗೇ ಸುತ್ತಿಕೊಂಡು ನೋಡಿದ. ಕೆಟ್ಟಿಲ್ಲ.

೧೭ ಜನವರಿ
ನಾಲ್ಕು ದಿನವೂ ಅಷ್ಟೇ. ಸುಮ್ಮನಿರಲಾಗಲಿಲ್ಲ. ಇವತ್ತು ನನ್ನ ಜಾಗದಲ್ಲಿ ಗೆಳೆಯ ಜುಂಜಯ್ಯನನ್ನು ಮಲಗಿಸಿದೆ. ಮುಖದ ತುಂಬ ಕಂಬಳಿ, ತೋಳು ಮಾತ್ರ ಹೊರಗೆ. ನಾನು ಬಾಗಿಲ ಹಿಂದೆ.
"ಇನ್ನೂರೈತಲ್ಲ ಯಜಮಾನ್ರೆ." ಚಿತ್ರಲಿಂಗಪ್ಪ ಚಾ ಲೋಟ ಬದಿಗಿಟ್ಟ.
ನಗುತ್ತ ಹೊರಬಂದೆ. ಅವನು ನಗಲಿಲ್ಲ. ಜುಂಜಯ್ಯನನ್ನು ಎಬ್ಬಿಸಿ ಕೂರಿಸಿ ಎರಡು ಸಲ ನೋಡಿದ. ಇನ್ನೂರೇ.
"ನಂಗೇನಾಗೈತಲೇ, ಗುಂಡುಕಲ್ಲಿದ್ದಂಗಿದೀನಿ," ಎಂದ ಜುಂಜಯ್ಯ.

೨೧ ಜನವರಿ
ಜುಂಜಯ್ಯನನ್ನೂ ಮೂರು ದಿನ ಬೆಳಗ್ಗೆ ಮನೆಯಲ್ಲೇ ನೋಡಿದರು. ಇಳಿಯಲಿಲ್ಲ. ಇವತ್ತು ಇಬ್ಬರೂ ಡಾಕ್ಟರ ಮುಂದೆ. ನನಗೆ ಹೇಳಿದರು:
"ನಿಮ್ದು ನನ್ನ ಕಂಡಾಗ ಮಾತ್ರ ಏರೋದು. ಹಾರ್ಟಿಗೆ ಅಷ್ಟು ಅಪಾಯ ಇಲ್ಲ. ಆದ್ರೂ ಆಗಾಗ ನೋಡಿಸ್ಕಳ್ರಿ. ಇವರದ್ದು ಹಗಲೂ ರಾತ್ರಿ ಏರಿಯೇ ಇರುತ್ತೆ. ಹಾರ್ಟು ಕೆಡಿಸೋದು ಇದು."
ಜುಂಜಯ್ಯನಿಗೆ ಮಾತ್ರೆ ಶುರು, ಉಪ್ಪು ಬಂದ್. ಬಸ್ಸಿನಲ್ಲಿ ಊರು ಬರುವವರೆಗೂ ಬೈದ. "ನಿನ್ ಚೇಷ್ಟೆಗೆ ನನ್ ಉಪ್ಪಿನಕಾಯಿ ಹೋತಲ್ಲೋ ಯತ್ತಪ್ಪ."
ಬೈಯಲಿ. ಬೈಯಲು ಇದ್ದಾನಲ್ಲ.

೨೩ ಜನವರಿ, ಬೆಳಗ್ಗೆ ೯
ಕ್ಯಾಂಪಿನ ಬೆಂಚು. ಡಾಕ್ಟರು ಕೋಟು ಬಿಚ್ಚಿ ಗೂಟಕ್ಕೆ ಹಾಕಿ ನೋಡಿದರು — ನೂರ ನಲವತ್ತು. ಇವತ್ತೇ ಆಪರೇಷನ್. ಕಣ್ಣಿಗೆ ಹನಿ ಬಿಟ್ಟಿದ್ದಾರೆ, ಬರೆಯುವ ಸಾಲು ಓಡಾಡುತ್ತಿದೆ. ಬೆಂಚಿನ ತುದಿಯಲ್ಲಿ ಓಬವ್ವ, ಬರೀ ಸೀರೆಯ ಬಣ್ಣವಾಗಿ. ಅವಳ ಮುಖ ಸರಿಯಾಗಿ ನೋಡಿ ಎರಡು ವರ್ಷ. ಕಣ್ಣಿನ ಪಟ್ಟಿ ಬಿಚ್ಚಿದ ದಿನ ಎದುರಿಗೆ ಅವಳೇ ಕೂರಬೇಕು. ಹೇಳೋಣವೆಂದರೆ ಅದನ್ನೂ ತಮಾಷೆ ಎಂದುಕೊಳ್ಳುತ್ತಾಳೆ.
"ಕೂಗ್ತಾವ್ರೆ, ಪುಸ್ತಕ ಕೊಡ್ರಿ ಇತ್ಲಾಗೆ," ಎನ್ನುತ್ತಿದ್ದಾಳೆ. ಒಂದು ನಿಮಿಷ ಮಾರಾಯ್ತಿ, ನಿನ್ನ ಬಗ್ಗೆಯೇ —